ಸೋಮವಾರದ ಬೆನ್ನು, ಮಂಗಳವಾರದ ಚೆಂಡು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಂದರಿನಲ್ಲಿ ಮೀನು ಹರಾಜು ಕೂಗುವವರ ಗಂಟಲು ಈಗಷ್ಟೇ ಬಿಚ್ಚಿಕೊಳ್ಳುತ್ತಿದೆ. ಎರಡು ಬೀದಿ ಈಚೆ, ಮಾಲ್ಜಾ ಚಿಕ್ಕಮ್ಮ ನಡೆಸುವ ಸಾರ್ವಜನಿಕ ಸ್ನಾನದ ಮನೆಯ ಗಂಡಸರ ಕೋಣೆಯಲ್ಲಿ ಐದು ಜನ ಎತ್ತರದ ಆಳುಗಳು ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಮೈಮೇಲೆ ನೂಲಿಲ್ಲ. ಅವರ ಹಿಂದೆ ಇನ್ನೊಂದು ಸ್ಟೂಲನ್ನು ಎಳೆದಾಡಿಕೊಂಡು, ಕೈಗೆ ಹಸಿರು ಒರಟು ಬಟ್ಟೆಯ ಚೀಲ ತೊಟ್ಟು ಒಬ್ಬೊಬ್ಬರ ಬೆನ್ನನ್ನೂ ಉಜ್ಜುತ್ತಿರುವವರು ಬಾನ್ ಗ್ಯೂಸಿಕ್. ಹಬೆಗೆ ನನ್ನ ಕನ್ನಡಕ ಮಂಜಾಗಿ, ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚಾಗಿದೆ. ಬರಬರ ಉಜ್ಜುವ ಸದ್ದು, ಚೊಂಬಿನಲ್ಲಿ ನೀರು ಸುರಿಯುವ ಸದ್ದು, ನಡುನಡುವೆ ಗ್ಯೂಸಿಕ್ ಅವರ ಗದರಿಕೆ.

“ಉಸಿರು ಬಿಡೋ ಯುಲ್. ನಾನೇನು ನಿನ್ನ ಚರ್ಮ ಸುಲೀತಿದೀನಾ?”

“ಸುಲೀತಾನೇ ಇದೀಯಲ್ಲಣ್ಣ,” ಎನ್ನುತ್ತಾನೆ ಸಾಲಿನ ತುದಿಯಲ್ಲಿರುವ ಕಿರಿಯ. ಉಳಿದ ನಾಲ್ಕು ಬೆನ್ನುಗಳು ನಗುವಿಗೆ ಕುಲುಕುತ್ತವೆ.

ಈ ಐದು ಬೆನ್ನುಗಳು ನಮ್ಮ ಗುನ್ಸಾನ್ ಊರಿನ ಕೊಕ್ಕರೆ ಬೇಸ್‌ಬಾಲ್ ತಂಡದ ಸರದಿ ಪಿಚರ್‌ಗಳವು. ಪಂದ್ಯದ ಮೊದಲ ಚೆಂಡನ್ನು ಎಸೆದು, ಆದಷ್ಟು ಹೊತ್ತು ತಂಡವನ್ನು ಹೆಗಲ ಮೇಲೆ ಹೊರುವುದು ಇವರ ಕೆಲಸ. ಒಂದು ಸಲ ಹೊತ್ತರೆ ತೋಳು ಸುಧಾರಿಸಿಕೊಳ್ಳಲು ದಿನಗಳು ಬೇಕು, ಅದಕ್ಕೇ ಸರದಿ. ಬೇಸ್‌ಬಾಲಿಗೆ ಸೋಮವಾರ ರಜೆ, ಮಂಗಳವಾರದಿಂದ ಭಾನುವಾರದವರೆಗೆ ದಿನಕ್ಕೊಂದು ಪಂದ್ಯ. ಪಂದ್ಯ ಆರು, ಪಿಚರ್‌ಗಳು ಐದು. ಹೀಗಾಗಿ ಮಂಗಳವಾರ ಎಸೆದವನಿಗೇ ಭಾನುವಾರವೂ ಬರುತ್ತದೆ. ಮಂಗಳವಾರವನ್ನು ತಪ್ಪು ಮನುಷ್ಯನ ಕೈಗೆ ಕೊಟ್ಟರೆ ಒಂದೇ ವಾರದಲ್ಲಿ ಎರಡು ಸಲ ಕೆಡುತ್ತದೆ, ಹಣೆಬರಹ ಕೆಟ್ಟಿದ್ದರೆ ಒಂದು ತೋಳೂ ಹೋಗುತ್ತದೆ. ಆದ್ದರಿಂದ ನಮ್ಮೂರಲ್ಲಿ ಸೋಮವಾರ ಹೋಟೆಲಿನಲ್ಲಿ ಮೊಳಕೆಕಾಳಿನ ಸಾರಿಗೆ ಅನ್ನ ಕಲಸಿಕೊಳ್ಳುವವರೆಲ್ಲ ಕೇಳುವುದು ಒಂದೇ, ನಾಳೆ ಯಾರು?

ಸಂಜೆ ತಂಡದವರು ಹೆಸರು ಪ್ರಕಟಿಸುತ್ತಾರೆ. ಟಿವಿಯಲ್ಲಿ ಕೋಟು ಹಾಕಿಕೊಂಡವರು ಅದರ ಹಿಂದಿನ ಮರ್ಮವನ್ನು ಗಂಟೆಗಟ್ಟಲೆ ಬಿಡಿಸಿ ಹೇಳುತ್ತಾರೆ. ಆ ಹೆಸರು ಅಂದು ಬೆಳಿಗ್ಗೆಯೇ ಇಲ್ಲಿ, ಒದ್ದೆ ನೆಲದ ಮೇಲೆ, ಮಾತಿಲ್ಲದೆ ತೀರ್ಮಾನವಾಗಿರುತ್ತದೆ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಾರದು. ನಾನು ಪತ್ರಿಕೆಗೆ ಬರೆಯುವವನು, ಈ ತಂಡಕ್ಕೆ ಇಷ್ಟು ವರ್ಷ ಗಂಟಲು ಹರಿದುಕೊಂಡವನು, ನನಗೂ ಗೊತ್ತಿರಲಿಲ್ಲ.

ಪದ್ಧತಿ ಸರಳ. ಗ್ಯೂಸಿಕ್ ಐವರ ಬೆನ್ನನ್ನೂ ಉಜ್ಜಿ ಮುಗಿಸುತ್ತಾರೆ. ಆಮೇಲೆ ಕೈಯಿಂದ ಹಸಿರು ಚೀಲ ಕಳಚಿ ಒಬ್ಬನಿಗೆ ಕೊಟ್ಟು, ತಾವು ತಿರುಗಿ ಕೂರುತ್ತಾರೆ. ಚೀಲ ಸಿಕ್ಕಿದವನು ಗ್ಯೂಸಿಕ್ ಅವರ ಬೆನ್ನು ಉಜ್ಜಬೇಕು. ಆ ಹೊತ್ತಿಗೆ ತಂಡದ ಮ್ಯಾನೇಜರ್ ಗುಕ್ ತಲೆಯ ಮೇಲೆ ಮಡಿಸಿದ ಟವೆಲು ಇಟ್ಟುಕೊಂಡು ಒಳಗೆ ಬರುತ್ತಾರೆ, ಯಾರು ಯಾರ ಬೆನ್ನು ಉಜ್ಜುತ್ತಿದ್ದಾರೆ ಎಂದು ಒಮ್ಮೆ ನೋಡುತ್ತಾರೆ, ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ಅಷ್ಟೇ, ಮಂಗಳವಾರ ಯಾರದೆಂದು ಗೊತ್ತಾಯಿತು.

ಗುಕ್ ಹಿಂದೆ ಕ್ಯಾಚರ್ ಆಗಿದ್ದವರು, ಅಂದರೆ ದಾಂಡಿಗನ ಹಿಂದೆ ಕೂತು ಪಿಚರ್ ಎಸೆದ ಚೆಂಡನ್ನು ಹಿಡಿಯುವವರು. ಚೆಂಡಿನ ವೇಗ, ತಿರುಗುವಿಕೆ, ವೈದ್ಯರ ಮಾತು ಎಲ್ಲವೂ ಭಾನುವಾರವೇ ತಮ್ಮ ಮುಂದೆ ಬಂದಿರುತ್ತದೆ, ಹೆಚ್ಚಿನ ವಾರ ಅದೂ ಗ್ಯೂಸಿಕ್ ಅವರ ಕೈಯೂ ಒಂದೇ ಹೇಳುತ್ತವೆ ಎಂದು ಅವರು ನನಗೆ ಹೇಳಿದರು. ಮತ್ತೆ ಈ ಸ್ನಾನ ಯಾತಕ್ಕೆ ಎಂದರೆ, ಪಿಚರ್ ಎಂಬ ಜಾತಿಯೇ ನೋವು ಮುಚ್ಚಿಡುವ ಜಾತಿ, ಕೇಳಿದರೆ ಎಲ್ಲರೂ ಚೆನ್ನಾಗಿದ್ದೇವೆ ಎನ್ನುತ್ತಾರೆ ಎಂದರು. ಇದನ್ನೇ ಗ್ಯೂಸಿಕ್ ತಮ್ಮ ಧಾಟಿಯಲ್ಲಿ ಹೇಳುತ್ತಾರೆ:

“ಮುಖ ಎದುರಿಗಿರತ್ತೆ ನೋಡಿ, ಅದಕ್ಕೆ ನಟನೆ ಮಾಡಿ ಮಾಡಿ ಅಭ್ಯಾಸ. ಬೆನ್ನಿಗೆ ಯಾರು ನಟನೆ ಕಲಿಸಿದಾರೆ?”

ಗ್ಯೂಸಿಕ್ ಅವರನ್ನು ನೀವು ಮೈದಾನದಲ್ಲಿ ಕಂಡಿರಲಿಕ್ಕಿಲ್ಲ. ಅವರೂ ಕ್ಯಾಚರ್, ಆದರೆ ಆಡುವ ಕ್ಯಾಚರ್ ಅಲ್ಲ. ಬೇಲಿಯಾಚೆ ಪಿಚರ್‌ಗಳು ತೋಳು ಬಿಸಿ ಮಾಡಿಕೊಳ್ಳುವ ಅಂಕಣವೊಂದಿದೆ, ಅಲ್ಲಿ ಮೊಣಕಾಲು ಮಡಿಸಿ ಕೂತು ಎಲ್ಲರ ಚೆಂಡನ್ನೂ ಹಿಡಿಯುವುದು ಅವರ ಪಾಡು. ದಿನಕ್ಕೆ ಇನ್ನೂರು ಚೆಂಡು ಎಂದರೆ ಕಡಿಮೆಯೇ ಹೇಳಿದಂತೆ. ಜೆರ್ಸಿಯ ಬೆನ್ನಿಗೆ ಆಡುವವರ ಹಾಗೆ ಎರಡಂಕಿಯಲ್ಲ, ಮೂರಂಕಿಯ ಸಂಖ್ಯೆ, ವರ್ಷ ವರ್ಷವೂ ಹೊಸದಾಗಿ ಬರೆಯುವ ಕರಾರು. ಎಡಗೈಯ ತೋರುಬೆರಳು ಊದಿ ಊದಿ ಹೆಬ್ಬೆರಳಿನ ಗಾತ್ರಕ್ಕೆ ಬಂದಿದೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದು ಹೆಂಡತಿ, ಗಂಡನಿಗೆ ಕೊಟ್ಟರೆ ಇಡೀ ಊಟ ಮುಗಿದರೂ ಮುಚ್ಚಳ ಬರುವುದಿಲ್ಲ ಎಂದು ಆಕೆ ನಗುತ್ತಾರೆ. ತಾಯಿಗೆ ಮಾತ್ರ ಒಂದೇ ಕೊರಗು, ಮಗ ಟಿವಿಯಲ್ಲಿ ಬರುವುದಿಲ್ಲ. ಪಂದ್ಯದ ನಡುವೆ ಕ್ಯಾಮೆರಾ ಬೇಲಿಯ ಕಡೆ ತಿರುಗಿದಾಗಲೆಲ್ಲ ಆಕೆ ಟಿವಿಯ ಹತ್ತಿರ ಹೋಗಿ ನಿಲ್ಲುತ್ತಾರಂತೆ. ಕಾಣುವುದು ಮಗನ ಹೆಲ್ಮೆಟ್ಟು.

ಹೈಸ್ಕೂಲಿನಲ್ಲಿ ಅವರೂ ಊರಿಗೆ ಬೇಕಾದ ಆಟಗಾರನೇ. ಚೆಂಡು ಎಸೆಯುತ್ತಿದ್ದವರು ತಾಕ್ ಇನ್‌ಗ್ಯು, ಹಿಡಿಯುತ್ತಿದ್ದವರು ಗ್ಯೂಸಿಕ್, ಇಬ್ಬರೂ ಒಂದೇ ತರಗತಿ. ದೊಡ್ಡ ತಂಡಗಳು ಹುಡುಗರನ್ನು ಆರಿಸುವ ದಿನ ತಾಕ್ ಅವರ ಹೆಸರು ಮೊದಲಿಗೇ ಬಂತು. ಗ್ಯೂಸಿಕ್ ಹೆಸರು ಕೊನೆಯವರೆಗೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ಬಂದರಿಗೆ ಹೋಗಿ ಏಡಿಯ ಪೆಟ್ಟಿಗೆ ಹೊರಲು ಸೇರಿಕೊಂಡರು. ಕೆಲವು ವರ್ಷ ಅದೇ ಆಯಿತು. ಕಡೆಗೆ ತಾಕ್ ಅವರೇ ಬಂದು, ನನ್ನ ಚೆಂಡು ಹಿಡಿಯಲು ಬಾ, ಏಡಿ ಕಚ್ಚಿದ್ದಕ್ಕಿಂತ ಹೆಚ್ಚು ನೋಯುವುದಿಲ್ಲ ಎಂದು ಎಳೆದುಕೊಂಡು ಹೋದರಂತೆ. ಏಡಿಯೇ ಮೇಲು ಎನ್ನುತ್ತಾರೆ ಗ್ಯೂಸಿಕ್.

ಆ ತಾಕ್ ಈಗ ನಮ್ಮ ಸರದಿಯ ಹಿರಿಯಣ್ಣ. ಮೊಣಕೈಗೆ ಒಮ್ಮೆ ಕತ್ತರಿ ಹಾಕಿಸಿಕೊಂಡು, ಮುಗಿದೇ ಹೋದ ಎಂದವರ ಬಾಯಿ ಮುಚ್ಚಿಸಿದವರು. ಈ ಊರಿಗೆ ಅವರು ಬಾಕಿ ಉಳಿಸಿಕೊಂಡದ್ದು ಒಂದೇ. ಮೊದಲ ಐದು ಸ್ಥಾನದ ತಂಡಗಳು ಮಾತ್ರ ಶರತ್ಕಾಲದ ಪಂದ್ಯಗಳನ್ನು ಆಡುತ್ತವೆ, ಕೊಕ್ಕರೆಗಳು ಆ ಐದರೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ನಾವು ಇಲ್ಲಿಯವರು ಸೋಲನ್ನು ಅನ್ನಕ್ಕೆ ನೆಂಚಿಕೊಂಡು ಬೆಳೆದವರು. ಬೇರೆ ಊರಿನವರು ನಮ್ಮನ್ನು ಆಡಿಕೊಳ್ಳುವುದು ಹೀಗೆ: ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿರುವುದು ಯಾಕೆ, ಇನ್ನೊಂದು ಕಾಲನ್ನು ಆಗಲೇ ಮನೆಯ ಕಡೆ ಇಟ್ಟಿರುತ್ತದೆ.

ಈ ವರ್ಷ ಕಡೆಯ ವಾರ ಬಂದಾಗ ನಾವು ಐದನೆಯ ಸ್ಥಾನದ ಹೊಸ್ತಿಲಿನಲ್ಲಿದ್ದೆವು. ಆ ವಾರದ ಮಂಗಳವಾರ, ಸರದಿಯ ಪ್ರಕಾರ, ತಾಕ್ ಅವರದು. ಅಂದರೆ ಕಡೆಯ ಭಾನುವಾರವೂ ಅವರದೇ. ಊರಿಗೆ ಊರೇ ಇದನ್ನು ಶುಭಶಕುನ ಎಂದುಕೊಂಡಿತು. ಅದರ ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಇದೇ ಕೋಣೆಯಲ್ಲಿ ನಡೆದದ್ದನ್ನು ಆರೂ ಜನರ ಬಾಯಿಂದ ಒಂದಿಷ್ಟಿಷ್ಟು ಕೇಳಿ ಬರೆಯುತ್ತಿದ್ದೇನೆ.

ಗ್ಯೂಸಿಕ್ ಐದೂ ಬೆನ್ನು ಉಜ್ಜಿ ಮುಗಿಸಿದರು. ತಾಕ್ ಅವರ ಬೆನ್ನಿನಲ್ಲಿ ಏನೂ ಸಿಕ್ಕಲಿಲ್ಲ, ಎಂದಿನ ಹಾಗೇ ಹಲಗೆಯಂತೆ ಇತ್ತು. ಚೀಲ ಕಳಚಿ ಅವರಿಗೇ ಕೊಟ್ಟು ತಿರುಗಿ ಕೂತರು. ತಾಕ್ ಉಜ್ಜತೊಡಗಿದರು. ಸೊಂಟದಿಂದ ಮೇಲಕ್ಕೆ ಬಂದ ಕೈ ಹೆಗಲಿನ ಕೆಳಗೆ ನಿಂತು ವಾಪಸು ಇಳಿಯಿತು. ಮತ್ತೆ ಮೇಲೆ ಬಂತು, ಅಲ್ಲೇ ನಿಂತಿತು. ಆಮೇಲೆ ಉಜ್ಜುವುದು ಒಂದು ಗಳಿಗೆ ನಿಂತು, ಮತ್ತೆ ಶುರುವಾಗಿ, ಸಲೀಸಾಗಿ ಕುತ್ತಿಗೆಯವರೆಗೂ ಹೋಯಿತು. ಆದರೆ ಈಗ ಉಜ್ಜುತ್ತಿದ್ದದ್ದು ಎಡಗೈ.

ತಾಕ್ ಬಲಗೈ ಪಿಚರ್. ಇಷ್ಟು ವರ್ಷ ಅವರು ಸ್ನೇಹಿತನ ಬೆನ್ನನ್ನು ಉಜ್ಜಿದ್ದು ಬಲಗೈಯಲ್ಲಿ.

ಗ್ಯೂಸಿಕ್ ತಿರುಗಿದರು. ತಾಕ್ ಅವರ ಕೈಯಿಂದ ಚೀಲ ಬಿಡಿಸಿಕೊಂಡು, ಸಾಲಿನ ತುದಿಯಲ್ಲಿದ್ದ ನಾಮ್‌ಗುಂಗ್ ಯುಲ್‌ಗೆ ಕೊಟ್ಟರು. ಯುಲ್ ತಂಡಕ್ಕೆ ಬಂದು ಎರಡು ವರ್ಷವೂ ಆಗಿಲ್ಲ, ಐವರಲ್ಲಿ ಕಡೆಯವನು. ಹಿರಿಯನಿಗೆ ಎದುರು ನಿಂತು ನೀರು ಕುಡಿಯದ ನಮ್ಮ ಜನರಲ್ಲಿ, ಹಿರಿಯನ ಕೈಯಿಂದ ಕಿತ್ತದ್ದನ್ನು ಕಿರಿಯನ ಕೈಗೆ ಇಡುವುದೆಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಯುಲ್ ಚೀಲವನ್ನು ಬಿಸಿ ಕೆಂಡ ಹಿಡಿದವನಂತೆ ಹಿಡಿದುಕೊಂಡು ನಿಂತಿದ್ದ. ಆಗಲೇ ಗುಕ್ ಒಳಗೆ ಬಂದರು, ನೋಡಿದರು, ತೊಟ್ಟಿಗೆ ಇಳಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ತಾಕ್ ಅಡ್ಡ ನಿಂತರು.

“ನನ್ನ ತೋಳಿನ ವಿಷಯ ನನಗಿಂತ ನಿನಗೆ ಗೊತ್ತಾ?”

“ನಿನ್ನ ತೋಳಿನ ವಿಷಯ ನಂಗೊತ್ತಿಲ್ಲ,” ಎಂದರು ಗ್ಯೂಸಿಕ್. “ನನ್ನ ಬೆನ್ನಿನ ವಿಷಯ ಗೊತ್ತು.”

ವೈದ್ಯರಿಗೆ ತೋರಿಸು ಎಂದದ್ದಕ್ಕೆ ತಾಕ್ ಒಪ್ಪಲಿಲ್ಲ. ಏಡಿ ಹೊರುತ್ತಿದ್ದವನನ್ನು ಕರೆತಂದದ್ದೇ ತಪ್ಪಾಯಿತು ಎಂದು ಹೇಳಿ ಹೊರಟುಹೋದರು. ಮಾಲ್ಜಾ ಚಿಕ್ಕಮ್ಮ ಗಲ್ಲಾದಿಂದ ಎಂದಿನಂತೆ ಸುಟ್ಟ ಮೊಟ್ಟೆ, ತಣ್ಣನೆಯ ಅಕ್ಕಿ ಪಾನಕ ಮುಂದೆ ಮಾಡಿದರೆ ತೆಗೆದುಕೊಳ್ಳಲೂ ಇಲ್ಲ. ಗ್ಯೂಸಿಕ್ ಗುಕ್ ಅವರ ಬಳಿ ಕೇಳಿದ್ದು ಇನ್ನೂ ದೊಡ್ಡ ಧೈರ್ಯದ ಮಾತು. ತಾಕ್‌ಗೆ ವಾರವಿಡೀ ಬಿಡುವು ಕೊಡಿ, ಮಂಗಳವಾರದವನಿಗೆ ಹೋಗಬೇಕಾದ ಭಾನುವಾರವನ್ನು ಮುರಿದು ತಾಕ್‌ಗೆ ಕೊಡಿ ಎಂದರು. ಹಾಗೆ ಮಾಡಿದರೆ ಶನಿವಾರಕ್ಕೆ ಸರದಿಯ ಪಿಚರೇ ಉಳಿಯುವುದಿಲ್ಲ. ಶನಿವಾರವನ್ನೇ ತಾಕ್‌ಗೆ ಕೊಡಬಹುದಲ್ಲ ಎಂದು ಗುಕ್ ಕೇಳಿದ್ದಕ್ಕೆ, ಇನ್ನೊಂದು ದಿನ ಬೇಕು ಸಾರ್ ಎಂದರಂತೆ.

ಅವತ್ತು ಸಂಜೆ ಯುಲ್ ಹೆಸರು ಬಂದಾಗ ಊರು ಬಾಯಿಗೆ ಬಂದಂತೆ ಬೈಯಿತು. ನಾನೂ ಬೈದೆ, ಅದೂ ಸ್ವಲ್ಪ ಜೋರಾಗಿಯೇ. ಗುಕ್‌ಗೆ ತಲೆ ಕೆಟ್ಟಿದೆ ಎಂಬುದರಲ್ಲಿ ಮೊಳಕೆಸಾರಿನ ಹೋಟೆಲಿನಲ್ಲಿ ಎರಡು ಮಾತಿರಲಿಲ್ಲ. ಗುಕ್ ಬೈಸಿಕೊಂಡು ಸುಮ್ಮನಿದ್ದರು, ಇದು ಯಾರ ಮಾತು ಎಂದು ಎಲ್ಲೂ ಬಾಯಿಬಿಡಲಿಲ್ಲ.

ಮಂಗಳವಾರ, ಒಂಬತ್ತು ಇನಿಂಗ್ಸಿನ ಆಟದ ಮೊದಲನೆಯದರಲ್ಲೇ ಯುಲ್ ಮೂರು ರನ್ ಬಿಟ್ಟ. ಮೈದಾನದ ತುಂಬ ತಾಕ್, ತಾಕ್ ಎಂಬ ಕೂಗು ಎದ್ದಿತು. ಬೇಲಿಯಾಚೆ ಕೂತಿದ್ದ ಗ್ಯೂಸಿಕ್ ಮಾಡುವಂಥದ್ದು ಏನೂ ಇರಲಿಲ್ಲ. ಗಾಬರಿ ಆಯಿತೇ ಎಂದು ಕೇಳಿದೆ.

“ಆಯ್ತು. ಹೆಂಡ್ತಿಗೆ ಏನಂತ ಹೇಳೋದು ಅಂತ ಯೋಚನೆ ಮಾಡ್ತಿದ್ದೆ. ಕೆಲಸ ಹೋದ್ರೆ ಏಡಿ ಪೆಟ್ಟಿಗೆ ಎತ್ತೋಕೆ ಈಗ ಈ ಬೆರಳು ಬಗ್ಗಲ್ಲ.”

ಎರಡನೆಯ ಇನಿಂಗ್ಸಿನಿಂದ ಯುಲ್‌ನ ಚೆಂಡು ದಾಂಡಿನ ಹತ್ತಿರ ಬಂದು ಕೆಳಕ್ಕೆ ಇಳಿಯತೊಡಗಿತು, ದಾಂಡಿಗರು ಗಾಳಿ ಬೀಸಿ ಬೀಸಿ ವಾಪಸಾದರು. ಆರನೆಯದು ಮುಗಿಯುವವರೆಗೂ ಒಂದೇ ಒಂದು ರನ್ ಕೊಡಲಿಲ್ಲ ಆ ಪೋರ. ನಮ್ಮವರು ಒಂದೊಂದಾಗಿ ಕೂಡಿಸಿ, ಒಂದು ರನ್ನಿನಿಂದ ಗೆದ್ದರು. ಗ್ಯೂಸಿಕ್ ಮನೆಗೆ ಹೋಗಿ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ತಾವೇ ತೆಗೆದರೆಂದು ಹೆಂಡತಿಯ ಹೇಳಿಕೆ. ಇದನ್ನು ಮಾತ್ರ ನಾನು ನಂಬಿಲ್ಲ.

ವಾರದ ನಡುವೆ ಒಂದಷ್ಟು ಗೆದ್ದೆವು, ಒಂದಷ್ಟು ಕೊಟ್ಟೆವು. ಅಷ್ಟೂ ದಿನ ತಾಕ್ ಗ್ಯೂಸಿಕ್ ಮುಖ ನೋಡಲಿಲ್ಲ. ತೋಳು ಸಡಿಲಿಸಲು ನಾಲ್ಕು ಚೆಂಡು ಎಸೆಯಬೇಕಾದಾಗಲೂ ಇನ್ನೊಬ್ಬ ಕ್ಯಾಚರನ್ನು ಕರೆದುಕೊಂಡರು. ಗ್ಯೂಸಿಕ್ ಪಕ್ಕದಲ್ಲೇ ಬೇರೆಯವರ ಚೆಂಡು ಹಿಡಿಯುತ್ತಾ, ಆ ಕಡೆಯ ಕೈಗವಸಿಗೆ ಚೆಂಡು ಬಡಿಯುವ ಸದ್ದನ್ನು ಕೇಳುತ್ತಿದ್ದರು. ಶನಿವಾರ, ಹೇಳಿದಂತೆ, ಸರದಿಯವರು ಯಾರೂ ಇರಲಿಲ್ಲ. ಒಂದೊಂದು ಇನಿಂಗ್ಸಿಗೆ ಒಬ್ಬೊಬ್ಬರನ್ನು ತೇಪೆ ಹಾಕಿ ಆಡಿದೆವು, ಹೀನಾಯವಾಗಿ ಸೋತೆವು. ಐದನೆಯ ಸ್ಥಾನ ಭಾನುವಾರದ ಒಂದು ಪಂದ್ಯಕ್ಕೆ ಬಂದು ನಿಂತಿತು. ಗೆದ್ದರೆ ಒಳಗೆ, ಸೋತರೆ ಮನೆಗೆ. ಬೇಲಿಯ ಹತ್ತಿರ ಕೂತಿದ್ದ ಒಬ್ಬ ಅಜ್ಜ ಗ್ಯೂಸಿಕ್ ಕಡೆ ನೋಡಿ, ನೀನಾದರೂ ಎಸೆಯಬಾರದೇನಯ್ಯಾ ಎಂದನಂತೆ.

ಭಾನುವಾರ ಮಧ್ಯಾಹ್ನ ಗ್ಯೂಸಿಕ್ ಬೇಲಿಯಾಚೆಯ ಅಂಕಣದಲ್ಲಿ ಮೊಣಕಾಲು ಮಡಿಸಿ ಕೂತು ಕಾದರು. ತಾಕ್ ಬರುತ್ತಾರೋ, ಇನ್ನೊಬ್ಬ ಕ್ಯಾಚರನ್ನು ಕರೆಯುತ್ತಾರೋ ಅವರಿಗೆ ಗೊತ್ತಿರಲಿಲ್ಲ. ತಾಕ್ ಬಂದರು. ಎದುರು ನಿಂತು ಮೊದಲ ಚೆಂಡು ಎಸೆದರು. ಆ ಸದ್ದನ್ನು ನಾನು ಮೇಲಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಒಣ ಹಲಗೆಗೆ ಸುತ್ತಿಗೆ ಬಿದ್ದಂತೆ ಇತ್ತು. ಎರಡನೆಯದು, ಮೂರನೆಯದು. ಗ್ಯೂಸಿಕ್ ಕೈಗವಸು ಕಳಚಿ, ಊದಿದ ಬೆರಳನ್ನು ಒದರಿ, ಮತ್ತೆ ತೊಟ್ಟುಕೊಂಡರು.

“ನೋಯ್ತಾ?” ಎಂದರು ತಾಕ್. ಆರು ದಿನಗಳಲ್ಲಿ ಆಡಿದ ಮೊದಲ ಮಾತು.

“ಏಡಿಗಿಂತ ಜಾಸ್ತಿ.”

ಆಮೇಲೆ ನಡೆದದ್ದು ಈ ಊರಿನ ಪ್ರತಿಯೊಬ್ಬರಿಗೂ ಬಾಯಿಪಾಠ. ತಾಕ್ ಎಂಟನೆಯ ಇನಿಂಗ್ಸಿನವರೆಗೂ ಒಂದು ರನ್ನೂ ಕೊಡದೆ ಎಸೆದರು. ಕಡೆಯ ದಾಂಡಿಗ ಔಟಾಗಿ ನಾವು ಗೆದ್ದಾಗ ಅಳು ಬಾರದವರು ಯಾರಾದರೂ ಇದ್ದರೆ ಅವರು ಹೊರಗಿನಿಂದ ಬಂದವರು. ನಾನು ಅತ್ತೆ, ನನ್ನ ಪಕ್ಕದ ಪೊಲೀಸಿನವನೂ ಅತ್ತ. ಕೊಕ್ಕರೆ ಎರಡೂ ಕಾಲೂರಿ ನಿಂತಿತು.

ಆಗ ಇನ್ನೊಂದು ನಡೆಯಿತು, ಅದು ಬಹಳ ಜನಕ್ಕೆ ಅರ್ಥವಾಗಲಿಲ್ಲ. ಆಟಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರೆ, ತಾಕ್ ಆ ಗುಂಪಿನಿಂದ ಬಿಡಿಸಿಕೊಂಡು ಮೈದಾನದ ಉದ್ದಕ್ಕೂ ನಡೆದು ಬೇಲಿಯ ಬಾಗಿಲು ತೆಗೆದು, ಗ್ಯೂಸಿಕ್ ಅವರನ್ನು ಹುಲ್ಲಿನ ಮೇಲೆ ಎಳೆತಂದು ಕೂರಿಸಿದರು. ಹಿಂದೆ ಮಂಡಿಯೂರಿ, ತಲೆಯ ಟೋಪಿ ತೆಗೆದು ಬಲಗೈಗೆ ಸಿಕ್ಕಿಸಿಕೊಂಡು, ಮೂರಂಕಿಯ ಆ ಜೆರ್ಸಿಯ ಬೆನ್ನನ್ನು ಸೊಂಟದಿಂದ ಕುತ್ತಿಗೆಯವರೆಗೆ ಬರಬರ ಉಜ್ಜಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ, ಮತ್ತೆ. ಸಾವಿರಾರು ಜನ ಚಪ್ಪಾಳೆ ತಟ್ಟಿ ನಕ್ಕರು. ಇದೇನೋ ಹೊಸ ಕುಣಿತ ಎಂದು ಟಿವಿಯವನು ಹೇಳಿದ. ಉಳಿದ ನಾಲ್ವರು ಪಿಚರ್‌ಗಳು ಮಾತ್ರ ನಿಂತಲ್ಲೇ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಗ್ಯೂಸಿಕ್ ಅವರ ತಾಯಿ ಟಿವಿಯ ಮುಂದೆ ನಿಂತಿದ್ದರು, ಹೆಲ್ಮೆಟ್ಟಿಲ್ಲದ ಮಗನನ್ನು ಅಂದು ಊರೆಲ್ಲ ನೋಡಿತು. ಇದೇನೆಂದು ಕೇಳಲು ಆ ರಾತ್ರಿಯ ಊಟದ ಹೊತ್ತಿಗೇ ನಾನು ಗ್ಯೂಸಿಕ್ ಅವರ ಮನೆ ಹುಡುಕಿಕೊಂಡು ಹೋದೆ, ಈ ಬರಹ ಶುರುವಾದದ್ದು ಅಲ್ಲಿ.

ತೋಳು ನಿಜಕ್ಕೂ ದಣಿದಿತ್ತೇ ಎಂದು ತಾಕ್ ಅವರನ್ನು ಕೇಳಿದೆ. ಹೆಗಲಿನ ಮೇಲೆ ಕೈ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು ಎಂದು ಒಪ್ಪಿಕೊಂಡರು. ಎಸೆಯುವಾಗ ಹಲ್ಲು ಕಚ್ಚಿ ಮುಚ್ಚಿಡಬಹುದಿತ್ತು, ಮಂಗಳವಾರ ಹೇಗೋ ದಾಟಿಬಿಡುತ್ತಿದ್ದೆ, ಭಾನುವಾರಕ್ಕೆ ತೋಳೇ ಉಳಿಯುತ್ತಿರಲಿಲ್ಲ ಎಂದರು. ಬೆನ್ನು ಉಜ್ಜುವಾಗ ಮಾತ್ರ ಹುಷಾರಾಗಿರಬೇಕು ಎಂದು ಹೊಳೆಯಲಿಲ್ಲ. ಅವರಿಗದು ಆಟವಾಗಿರಲಿಲ್ಲ, ಮನೆಯಾಗಿತ್ತು.

ಈಗ ಮೊದಲು ಹೇಳಿದ ಬೆಳಗಿಗೆ ಬರೋಣ. ಇದು ಆ ಭಾನುವಾರದ ಮರುದಿನ. ನಾಳೆ ಮಂಗಳವಾರ, ನಮ್ಮ ಊರಿನ ಮೊಟ್ಟಮೊದಲ ಶರತ್ಕಾಲದ ಪಂದ್ಯ, ಅದೂ ಪರ ಊರಿನಲ್ಲಿ. ಸೋತರೆ ಈ ವರ್ಷದ ಆಟ ಅಲ್ಲಿಗೇ ಮುಗಿಯಿತು. ಬಸ್ಸು ಹೊರಗೆ ಕಾಯುತ್ತಿದೆ. ಗ್ಯೂಸಿಕ್ ಐದನೆಯ ಬೆನ್ನಿಗೆ ನೀರು ಸುರಿಯುತ್ತಾರೆ, ಚೀಲ ಕಳಚಿ ಹಿಂಡುತ್ತಾರೆ, ಯುಲ್‌ಗೆ ಕೊಡುತ್ತಾರೆ. ಈ ಸಲ ಯುಲ್ ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ಬಾಗಿಸಿ, ಉಜ್ಜತೊಡಗುತ್ತಾನೆ.

ಆಗ ತಾಕ್ ತಮ್ಮ ಸ್ಟೂಲನ್ನು ನೆಲದ ಮೇಲೆ ಜಾರಿಸಿಕೊಂಡು ಬಂದು ಯುಲ್‌ನ ಹಿಂದೆ ಕೂರುತ್ತಾರೆ. ಗೂಟಕ್ಕೆ ನೇತುಹಾಕಿದ್ದ ಇನ್ನೊಂದು ಚೀಲ ತೆಗೆದು ಕೈಗೆ ತೊಡುತ್ತಾರೆ. ಹಿರಿಯ ಪಿಚರ್ ಕಿರಿಯ ಪಿಚರ್‌ನ ಬೆನ್ನು ಉಜ್ಜುವುದನ್ನು ಈ ಕೋಣೆ ಕಂಡಿಲ್ಲ. ಯುಲ್ ಗಾಬರಿಯಾಗಿ ಎದ್ದೇಳಲು ಹೋಗುತ್ತಾನೆ.

“ಕೂತ್ಕೊಳೋ,” ಎನ್ನುತ್ತಾರೆ ತಾಕ್. “ನಾಳೆ ನೀನು ಎಸೀಬೇಕು.”

ಟವೆಲು ತಲೆಯ ಮೇಲಿಟ್ಟುಕೊಂಡು ಒಳಗೆ ಬಂದ ಗುಕ್ ಬಾಗಿಲಲ್ಲೇ ನಿಂತು, ಒಂದರ ಹಿಂದೆ ಒಂದರಂತೆ ಮೂರು ಬೆನ್ನು ನೋಡಿ, ತೊಟ್ಟಿಗೆ ಇಳಿಯುತ್ತಾರೆ.

ನಿಮಗೆ ಏನಾದರೂ ಬೇಕೆಂದಿದ್ದರೆ ಹೇಳಿ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಗ್ಯೂಸಿಕ್ ಅವರನ್ನು ಕೇಳುತ್ತೇನೆ. ಒಳ್ಳೆಯ ಕರಾರು ಎನ್ನಬಹುದು, ಎರಡಂಕಿಯ ಸಂಖ್ಯೆ ಎನ್ನಬಹುದು ಎಂದು ನನ್ನ ಎಣಿಕೆ. ಅವರು ಕೇಳುವುದು ಬೇರೆಯೇ.

“ಮುಂದಿನ ಸೋಮವಾರವೂ ಈ ಸಾಲು ಇಲ್ಲಿ ಕೂತಿರ್ಬೇಕು. ಅಷ್ಟು ಸಾಕು. ಅಂದ್ರೆ ನಾವಿನ್ನೂ ಸೋತಿಲ್ಲ ಅಂತ.”

ಆಮೇಲೆ ಚೊಂಬಿನಲ್ಲಿ ನೀರು ತೆಗೆದು ಎದುರಿನ ಕನ್ನಡಿಗೆ ಎರಚುತ್ತಾರೆ. ಹಬೆ ಇಳಿದು ಹೋಗಿ ಅದರಲ್ಲಿ ಅವರ ಮುಖ, ಹಿಂದೆ ಯುಲ್, ಅವನ ಬೆನ್ನು ಉಜ್ಜುತ್ತಿರುವ ತಾಕ್ ಕಾಣುತ್ತಾರೆ. ಗ್ಯೂಸಿಕ್ ಕನ್ನಡಿಯಿಂದ ಕಣ್ಣು ತೆಗೆಯದೆ ನನ್ನ ಕಿವಿಯ ಹತ್ತಿರ ಬಾಗುತ್ತಾರೆ.

“ನೋಡಿದ್ರಾ? ಬಲಗೈ. ಕುತ್ತಿಗೇವರೆಗೂ ಹೋಗ್ತಿದೆ.”